ತಿಂಮ ಎಲ್ಲಾರಿಗೂ ಗೊತ್ತು, ಬೀಚಿ ಯಾರಿಗೆ ಗೊತ್ತು?

ವಿಜಯಪುರದಿಂದ ಮಾತಾಡಾಕತ್ತೀನಿ. ನೀವು ಬಸ್ಸಿನ್ಯಾಗ ಇರಬಹುದು, ಹೊಲದಾಗ ಪಂಪ್‌ಸೆಟ್ಟಿಗೆ ಕರೆಂಟ್ ಬರೂದನ್ನ ಕಾಯ್ತಾ ಕುಂತಿರಬಹುದು, ಇಲ್ಲಾ ಬೆಂಗಳೂರಿನ ಯಾವುದೋ ಪೀಜಿಯೊಳಗ ಮುಸುಕು ಎಳಕೊಂಡು ಮಲಗಿರಬಹುದು. ಎಲ್ಲಿದ್ರೂ ಒಂದು ಕೆಲಸ ಮಾಡ್ರಿ. ನಿಮ್ಮ ಮನಿ ವಾಟ್ಸಾಪ್ ಗ್ರೂಪ್ ತೆಗೀರಿ. ಕಾಕಾಗಳು, ಮಾಮಾಗಳು ಕಳಿಸಿದ ಕನ್ನಡ ಜೋಕುಗಳನ್ನ ಒಂದೀಟು ಮ್ಯಾಲೆ ಸರಿಸಿ ನೋಡ್ರಿ. ಅದರಾಗ ಒಬ್ಬ ತಿಂಮ ಸಿಗೂ ಚಾನ್ಸ್ ಭಾಳ. ಮಾಸ್ತರಿಗೆ ಎದುರುತ್ತರ ಕೊಡೋ ತಿಂಮ, ಡಾಕ್ಟರ್ ಹತ್ರ ಹೋದ ತಿಂಮ, ಕೋರ್ಟಿನ ಕಟಕಟೆಯೊಳಗ ನಿಂತ ತಿಂಮ. ಕೆಳಗ ಬರೆದವರ ಹೆಸರು ಇರೂದಿಲ್ಲ. ನಾಲ್ಕು ನಗುವ ಮುಖದ ಇಮೋಜಿ ಇರ್ತಾವ, ಅಷ್ಟೇ.

ಆ ತಿಂಮನ್ನ ಹುಟ್ಟಿಸಿದವರ ಹೆಸರು ಬೀಚಿ. ಇವತ್ತಿನ ಎಪಿಸೋಡ್ ಅವರ ಬಗ್ಗೆ, ಮತ್ತೆ ಅವರ ನಗುವನ್ನು ಪುಸ್ತಕದಿಂದ ಎತ್ತಿ ವೇದಿಕೆಯ ಮೇಲೆ ತಂದು ನಿಲ್ಲಿಸಿದವರ ಬಗ್ಗೆ. ಹಂಗಂತ ಇದು ಜೋಕ್ ಹೇಳೋ ಎಪಿಸೋಡ್ ಅಲ್ಲರೀ. ಅವರ ಒಂದು ಜೋಕೂ ನಾನಿಲ್ಲಿ ಹೇಳೂದಿಲ್ಲ. ಅದಕ್ಕ ಪುಸ್ತಕ ಅವ, ಯೂಟ್ಯೂಬ್ ಅದ. ನನಗ ಕಾಡೋ ಪ್ರಶ್ನೆ ಬ್ಯಾರೆ. ಒಬ್ಬ ಮನುಷ್ಯ ತನ್ನ ಜೀವನದ ಕತೆಯನ್ನು ನಗುನಗುತ್ತಲೇ ಬರೆದಿಟ್ಟ. ಅವನ ಜೋಕುಗಳು ಊರೂರು ಮುಟ್ಟಿದವು. ಆ ಜೀವನದ ಕತೆ ಮಾತ್ರ ಯಾಕ ಹಿಂದೆ ಉಳೀತು?

ಬೀಚಿಯವರ ಪೂರ್ತಿ ಹೆಸರು ರಾಯಸಂ ಭೀಮಸೇನರಾವ್. ಹುಟ್ಟಿದ್ದು 1913ರ ಏಪ್ರಿಲ್ 23ರಂದು, ಹರಪನಹಳ್ಳಿಯಲ್ಲಿ. ಆಗ ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ದಾವಣಗೆರೆ ಜಿಲ್ಲೆಗೆ ಹೋಯಿತು, ತಿರುಗಿ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆ. ಊರು ಇದ್ದಲ್ಲೇ ಅದ, ಜಿಲ್ಲೆಗಳೇ ಬಂದು ಹೋಗಾಕತ್ತಾವ. ಬೀಚಿ ಇದ್ದಿದ್ರ ಇದರ ಮೇಲೆ ಒಂದು ಅಂಕಣ ಗ್ಯಾರಂಟಿ ಬರೀತಿದ್ರು. ಹಾಂ, ನಾವೇನು ಭಾಳ ನಗೂದು ಬ್ಯಾಡ. ನಾವೂ ಬಿಜಾಪುರದಾಗ ಹುಟ್ಟಿ, 2014ರ ನವೆಂಬರ್ 1ರ ಮುಂಜಾನೆ ಎದ್ದಾಗ ವಿಜಯಪುರದವರಾದವರು.

ಇಲ್ಲಿ ಒಂದು ನಕಾಶೆ ತಲ್ಯಾಗ ಇಟ್ಕೊಳ್ರಿ, ಮುಂದೆ ಬೇಕಾಗ್ತದ. ಬೀಚಿ ಹುಟ್ಟಿದ ಕಾಲಕ್ಕೆ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ನಮ್ಮ ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು. ಇವೆರಡರ ನಡುವೆ, ತುಂಗಭದ್ರೆಯ ಉತ್ತರಕ್ಕೆ, ಗಂಗಾವತಿ ಇರುವ ಸೀಮೆ ಹೈದರಾಬಾದ್ ನಿಜಾಮರ ಕೈಯಲ್ಲಿತ್ತು. ಬಳ್ಳಾರಿಯ ಕನ್ನಡಿಗರ ಸುತ್ತ ತೆಲುಗು, ಮ್ಯಾಲೆ ಇಂಗ್ಲಿಷ್. ಬಿಜಾಪುರದವರಿಗೆ ಮರಾಠಿ. ನಿಜಾಮರ ಕಡೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡಿ ಹೊರಗೆ ಬಂದರೆ ಕಚೇರಿಯ ಬಾಗಿಲಲ್ಲಿ ಬೇರೆಯೇ ಭಾಷೆ ನಿಂತಿರುತ್ತಿತ್ತು. ಬಳ್ಳಾರಿ 1953ರ ಅಕ್ಟೋಬರ್‌ನಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಉಳಿದ ಎರಡೂ ಸೀಮೆಗಳು 1956ರ ನವೆಂಬರ್ 1ರಂದು ಬಂದವು. ಅಂದರೆ ಬೀಚಿಗೆ ನಲವತ್ತು ವರ್ಷ ಆಗೋತನಕ ಅವರು ಕನ್ನಡ ರಾಜ್ಯದಾಗ ಇರಲೇ ಇಲ್ಲ.

ಬಾಲ್ಯ ಹೇಳಿಕೊಳ್ಳುವ ಹಾಗಿರಲಿಲ್ಲ. ಚಿಕ್ಕಂದಿನಲ್ಲೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡರು. ಬಂಧುಗಳ ಆಸರೆಯಲ್ಲಿ ಬೆಳೆದರು. ಬಡತನ. ಓದು ಬೇಗ ಮುಗಿಯಿತು, ನೌಕರಿ ಬೇಗ ಶುರುವಾಯಿತು. ಮುಂದೆ ದುಡಿದದ್ದು ಪೊಲೀಸ್ ಇಲಾಖೆಯಲ್ಲಿ. ಕನ್ನಡದ ದೊಡ್ಡ ಹಾಸ್ಯಗಾರ ಪೊಲೀಸ್ ಇಲಾಖೆಯ ನೌಕರ ಅಂದ್ರ ನಿಮಗ ನಗು ಬರಬಹುದು. ನನಗ ಹಂಗ ಅನಿಸೂದಿಲ್ಲ. ಮನುಷ್ಯ ಹೆದರಿದಾಗ ಹೆಂಗ ಸುಳ್ಳು ಹೇಳ್ತಾನ, ಅಧಿಕಾರ ಸಿಕ್ಕಾಗ ಹೆಂಗ ದನಿ ಬದಲಿಸ್ತಾನ, ಮೇಲಿನವರು ಬಂದಾಗ ಬೆನ್ನು ಎಷ್ಟು ಡಿಗ್ರಿ ಬಗ್ಗತದ, ಇದನ್ನ ದಿನಾ ನೋಡಾಕ ಇದಕ್ಕಿಂತ ಚಲೋ ಜಾಗ ಎಲ್ಲಿ ಸಿಗ್ತದ ಹೇಳ್ರಿ.

ಈ ಮನುಷ್ಯ ಮೊದಲು ಕನ್ನಡ ಅಂದರೆ ಮೂಗು ಮುರಿಯುತ್ತಿದ್ದವರು. ಓದಿದ್ದೆಲ್ಲ ಇಂಗ್ಲಿಷ್. ಕನ್ನಡದಲ್ಲಿ ಓದುವಂಥದ್ದು ಏನಿದೆ ಎಂಬ ಮನೋಭಾವ. ಇದು ಇವತ್ತೂ ನಮ್ಮ ಕಾಲೇಜು ಕ್ಯಾಂಟೀನಿನ್ಯಾಗ ಕೇಳೋ ಮಾತೇ. ಅ.ನ. ಕೃಷ್ಣರಾಯರ ‘ಸಂಧ್ಯಾರಾಗ’ ಕಾದಂಬರಿ ಅವರ ಕೈಗೆ ಸಿಕ್ಕಿತು. ಸಂಗೀತಗಾರನೊಬ್ಬನ ಕತೆ ಅದು. ಓದಿದರು, ತಿರುಗಿಬಿಟ್ಟರು. ಆಮೇಲೆ ಇಂಗ್ಲಿಷ್ ಕಡೆ ಬರವಣಿಗೆಗಾಗಿ ಹೋಗಲಿಲ್ಲ. ಒಂದೇ ಪುಸ್ತಕದಿಂದ ಮನುಷ್ಯ ಹಿಂಗ ಬದಲಾಗ್ತಾನೇನು ಅಂತ ನೀವು ಕೇಳಬಹುದು. ಅನಾಥ ಹುಡುಗನಿಗೆ ಮನಿ ಸಿಕ್ಕಂಗ ಆಗಿರಬೇಕು ಅಂತ ನನ್ನ ಲೆಕ್ಕ.

ಪೂರ್ತಿ ಮನಿ ಬದಲಿಸಲಿಲ್ಲ ಅನ್ನೋದಕ್ಕ ಅವರ ಸಹಿಯೇ ಸಾಕ್ಷಿ. ‘ಬೀ’ ಕನ್ನಡದ ಅಕ್ಷರ, ‘ಚಿ’ ಇಂಗ್ಲಿಷ್ ಅಕ್ಷರದಾಗ. ಎರಡೂ ಜೋಡಿಸಿ ಒಂದೇ ಹೆಸರು. ಪುಸ್ತಕದ ಮುಖಪುಟದ ಮೇಲೂ ಹಾಗೇ ಅಚ್ಚಾಗುತ್ತಿತ್ತು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಿ ಬದುಕುವ ನಮ್ಮ ಪೈಕಿಯವರನ್ನೆಲ್ಲ ಎರಡಕ್ಷರದಾಗ ಹಿಡಿದಿಟ್ಟಿದ್ರು ನೋಡ್ರಿ. ಪಾಡ್‌ಕಾಸ್ಟಿನ್ಯಾಗ ಈ ಜೋಕ್ ಕಿವಿಗೆ ಬೀಳೂದಿಲ್ಲ, ಕಣ್ಣಿಗೇ ಬೇಕು. ಅದಕ್ಕೇ ಯಾವುದಾದರೂ ಲೈಬ್ರರಿಗೆ ಹೋಗಿ ಆ ಮುಖಪುಟ ಒಂದು ಸಲ ನೋಡ್ರಿ.

ಬರೆದದ್ದು ಬಹಳ. ‘ದಾಸಕೂಟ’ ಮೊದಲ ಕಾದಂಬರಿ. ಆಮೇಲೆ ‘ಸತೀ ಸೂಳೆ’, ‘ಖಾದಿ ಸೀರೆ’, ‘ಸರಸ್ವತಿ ಸಂಹಾರ’, ‘ಬೆಂಗಳೂರು ಬಸ್ಸು’. ಹೆಸರು ಕೇಳಿದರೇ ಗೊತ್ತಾಗ್ತದ, ಯಾರಿಗೋ ಚುಚ್ಚಾಕಂತಾನೇ ಇಟ್ಟದ್ದು. ಆದರೆ ಜನ ಅವರನ್ನು ಹಿಡಿದದ್ದು ಪತ್ರಿಕೆಗಳಲ್ಲಿ. ಹುಬ್ಬಳ್ಳಿಯ ‘ವಿಶಾಲ ಕರ್ನಾಟಕ’ದಲ್ಲಿ ‘ಬೇವಿನಕಟ್ಟೆ’ ಅಂಕಣ, ‘ಸುಧಾ’ ವಾರಪತ್ರಿಕೆಯಲ್ಲಿ ‘ನೀವು ಕೇಳಿದಿರಿ?’ ಅನ್ನುವ ಪ್ರಶ್ನೋತ್ತರ. ಓದುಗರು ಏನು ಬೇಕಾದರೂ ಕೇಳಿ ಕಾರ್ಡು ಬರೆಯಬಹುದಿತ್ತು. ಉತ್ತರ ಒಂದು ಸಾಲು, ಎರಡು ಸಾಲು. ಇವತ್ತು ಇನ್‌ಸ್ಟಾದಾಗ ‘ಆಸ್ಕ್ ಮಿ ಎನಿಥಿಂಗ್’ ಅಂತ ಸ್ಟೋರಿ ಹಾಕ್ತಾರಲ್ಲ, ಅದನ್ನೇ ಅವರು ಪೋಸ್ಟ್ ಕಾರ್ಡಿನ ಕಾಲಕ್ಕೆ ಮಾಡಿದ್ರು. ವ್ಯತ್ಯಾಸ ಏನಂದ್ರ ಉತ್ತರಕ್ಕೆ ಒಂದು ವಾರ ಕಾಯಬೇಕಿತ್ತು. ತಮ್ಮ ಹೆಸರು ಪತ್ರಿಕ್ಯಾಗ ಬಂತು ಅಂತ ಮಂದಿ ಆ ಪುಟ ಹರಿದು ಪೆಟ್ಟಿಗ್ಯಾಗ ಇಡ್ತಿದ್ರು.

ಈ ಬರಹದ ಒಂದು ಗುಣ ಗಮನಿಸ್ರಿ. ತಿಂಮನ ಪ್ರಸಂಗಗಳು ಚಿಕ್ಕವು. ಒಬ್ಬ ಕೇಳುತ್ತಾನೆ, ತಿಂಮ ಹೇಳುತ್ತಾನೆ, ಮುಗಿಯಿತು. ಬಾಯಿಪಾಠ ಮಾಡಬೇಕಿಲ್ಲ, ಒಂದು ಸಲ ಕೇಳಿದ್ರ ಸಾಕು, ಇನ್ನೊಬ್ಬರಿಗೆ ಹೇಳಬಹುದು. ಹಂಗಾಗೇ ಅವು ಪುಸ್ತಕದಿಂದ ಹಾರಿ ಹೋದವು. ಶಾಲೆಯ ಗ್ಯಾದರಿಂಗ್‌ಗೆ, ಮದುವೆ ಮನೆಗೆ, ಕಟಿಂಗ್ ಅಂಗಡಿಗೆ. ಹಾರುವಾಗ ಬರೆದವರ ಹೆಸರು ಉದುರಿತು. ಗಾದೆಗೆ ಯಾರು ಬರೆದವರು ಅಂತ ಕೇಳ್ತೀವೇನು? ಹಂಗ ಆತು. ಒಬ್ಬ ಲೇಖಕನಿಗೆ ಇದಕ್ಕಿಂತ ದೊಡ್ಡ ಗೌರವ ಇಲ್ಲ ಅಂತ ಕೆಲವರು ಅಂತಾರ. ಪುಸ್ತಕ ಮಾರಿ ಸಂಸಾರ ನಡೆಸೋ ಲೇಖಕನನ್ನ ಕೇಳಿದ್ರ ಬ್ಯಾರೆ ಉತ್ತರ ಬಂದೀತು.

ಈಗ ಆತ್ಮಕಥೆಗೆ ಬರೋಣ. ಅದರ ಹೆಸರು ‘ನನ್ನ ಭಯಾಗ್ರಫಿ’. ಬಯಾಗ್ರಫಿ ಅಂದರೆ ಜೀವನಚರಿತ್ರೆ. ಅದಕ್ಕೆ ಒಂದೇ ಒಂದು ಮಹಾಪ್ರಾಣ ಹಚ್ಚಿದ್ದಾರೆ, ಒಳಗೆ ‘ಭಯ’ ಬಂದು ಕೂತಿದೆ. ನಮ್ಮ ಕಡೆ ಮಾತಿನ್ಯಾಗ ಮಹಾಪ್ರಾಣ ಅಷ್ಟಕ್ಕಷ್ಟೇ, ಹಂಗಾಗಿ ನಾ ಎಷ್ಟು ಒತ್ತಿ ಹೇಳಿದ್ರೂ ನಿಮಗ ಕೇಳಿಸಿರಲಿಕ್ಕಿಲ್ಲ. ಕೇಳಿಸದಿದ್ದರೆ ಈ ಟ್ರಾನ್ಸ್‌ಕ್ರಿಪ್ಟ್ ಇರೂದೇ ಅದಕ್ಕ.

ಆ ಒಂದು ಅಕ್ಷರವನ್ನು ಬರೀ ಶಬ್ದದ ಆಟ ಅಂತ ಬಿಟ್ಟುಬಿಡಬಾರದು. ಕನ್ನಡದಲ್ಲಿ ದೊಡ್ಡ ಆತ್ಮಕಥೆಗಳು ಇವೆ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಇದೆ, ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇದೆ. ನಮ್ಮ ಜಿಲ್ಲೆಯ ಅಗರಖೇಡದಲ್ಲಿ ಹುಟ್ಟಿದ ಶ್ರೀರಂಗರು ಬರೆದ ‘ಸಾಹಿತಿಯ ಆತ್ಮಜಿಜ್ಞಾಸೆ’ ಇದೆ. ಇವುಗಳಲ್ಲಿ ಮಾತಾಡುವ ‘ನಾನು’ ಹೇಗೆ ಬೆಳೆದೆ, ಏನು ಯೋಚಿಸಿದೆ ಎಂದು ಹೇಳುವ ‘ನಾನು’. ಬೀಚಿಯ ‘ನಾನು’ ಬೇರೆ. ಅವರು ತಮ್ಮನ್ನೇ ಕಟಕಟೆಯಲ್ಲಿ ನಿಲ್ಲಿಸಿ ಓದುಗನ ಜೊತೆ ಕೂತು ನಗುತ್ತಾರೆ. ಅನಾಥ ಬಾಲ್ಯ, ಹಂಗಿನ ಊಟ, ನೌಕರಿಯ ಪಾಡು, ಇವೆಲ್ಲ ಅಳು ಬರಿಸುವ ಸಾಮಗ್ರಿ. ಅವರು ಅಳಲಿಕ್ಕೆ ಬಿಡುವುದಿಲ್ಲ. ಆದರೆ ನಕ್ಕು ಮುಗಿದ ಮೇಲೆ ಗಂಟಲಲ್ಲಿ ಏನೋ ಉಳಿಯುತ್ತದೆ. ಅದೇ ಆ ‘ಭ’.

ಇದು ಹೆಂಗ ಕೆಲಸ ಮಾಡ್ತದ ಅಂತ ಹೇಳಾಕ ಅವರ ಪುಸ್ತಕ ಬ್ಯಾಡ, ನಮ್ಮ ಮನ್ಯಾಗೇ ಒಂದು ಉದಾಹರಣೆ ಅದ. ನಮ್ಮ ಕಾಕಾ ಇರೂದು ತಿಕೋಟಾದಾಗ. ಅವರದು ದ್ರಾಕ್ಷಿ ತೋಟ. ತಿಕೋಟಾ ಕಡೆ ಹೋದವರಿಗೆ ಗೊತ್ತು, ಬ್ಯಾಸಗಿ ಬಂತಂದ್ರ ಶೆಡ್ಡುಗಳ ಒಳಗ ಒಂದರ ಮೇಲೊಂದು ಬಲಿ ಕಟ್ಟಿ ದ್ರಾಕ್ಷಿ ಹರವಿರ್ತಾರ, ಒಣಗಿ ಮಣೂಕ ಆಗಬೇಕಲ್ಲ. ಆ ಎರಡು-ಮೂರು ವಾರ ಆಕಾಶದಾಗ ಒಂದು ಮೋಡ ಕಂಡರೂ ಮನಿ ಮಂದಿಗೆ ನಿದ್ದಿ ಇಲ್ಲ. ಒಂದು ವರ್ಷ ಮಳೆಗಾಲದಾಗ ಹನಿ ಇರಲಿಲ್ಲ. ಊರವರು ಸೇರಿ ಕತ್ತೆ ಮದುವಿ ಮಾಡಿದ್ರು, ಭಜನಿ ಮಾಡಿದ್ರು. ಮಳಿ ಬರಲಿಲ್ಲ. ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ್ರು. ಮುಂದ ಮಾರ್ಚ್ ತಿಂಗಳು, ದ್ರಾಕ್ಷಿ ಎಲ್ಲಾ ಬಲಿ ಮ್ಯಾಲೆ ಇರಬೇಕಾದ್ರ, ಮೂರು ದಿನ ಬಿಡದಂಗ ಹೊಡೀತು.

ಕಾಕಾ ಇದನ್ನ ಹೆಂಗ ಹೇಳ್ತಾರಂದ್ರ: “ತಪ್ಪು ದೇವರದಲ್ಲೋ. ನಾವು ಅರ್ಜಿ ಕೊಟ್ಟದ್ದು ಜೂನ್‌ದಾಗ. ಮ್ಯಾಲಿನ ಆಫೀಸಿನ್ಯಾಗ ಫೈಲ್ ಟೇಬಲ್ಲಿಂದ ಟೇಬಲ್ಲಿಗೆ ಹೋಗಿ ಮಂಜೂರಾಗೂದಕ್ಕ ಮಾರ್ಚ್ ಆತು. ಎಷ್ಟು ಪ್ರಾಮಾಣಿಕ ಆಫೀಸ್ ನೋಡು, ಲಂಚಾನೂ ಕೇಳಲಿಲ್ಲ, ಕತ್ತಿ ಮದುವಿ ಖರ್ಚಿನ್ಯಾಗೇ ಮುಗಿಸಿತು.” ಎಲ್ಲಾರೂ ನಗ್ತೀವಿ. ಪ್ರತಿ ಸಲ ನಗ್ತೀವಿ. ಕಾಕಾ ಒಂದು ಗುಟುಕು ಚಹಾ ಕುಡೀತಾರ. ಆಮೇಲೆ ಮೆಲ್ಲಗ, ಆ ವರ್ಷದ ಸೊಸೈಟಿ ಸಾಲ ಎಷ್ಟು ವರ್ಷಕ್ಕ ತೀರಿತು ಅಂತ ಹೇಳ್ತಾರ. ಆಗ ಯಾರೂ ನಗೂದಿಲ್ಲ. ಕಾಕೂ ಎದ್ದು ಅಡಗಿ ಮನಿಗೆ ಹೋಗ್ತಾರ.

ಸಾಲದ ಮಾತು ಮೊದಲೇ ಹೇಳಿದ್ರ ನಾವು “ಅಯ್ಯೋ” ಅಂದು ಮರೀತಿದ್ವಿ. ನಗಿಸಿ ಆಮೇಲೆ ಹೇಳ್ತಾರ, ಅದಕ್ಕ ಮರೆಯೂದಿಲ್ಲ. ಕಾಕಾ ಬೀಚಿಯನ್ನ ಓದಿದವರಲ್ಲ. ಆದ್ರ ಭಯಾಗ್ರಫಿ ಅಂದ್ರ ಇದೇ.

ಹೀಗೆ ತನ್ನ ಬದುಕನ್ನೇ ನಗೆಯಾಗಿ ಮಾಡಿ ಜನರ ಮುಂದೆ ನಿಂತು ಹೇಳುವ ಉದ್ಯೋಗ ಜಗತ್ತಿನಲ್ಲಿ ಹೊಸದಲ್ಲ. ಅಮೆರಿಕದ ಮಾರ್ಕ್ ಟ್ವೇನ್ ವ್ಯವಹಾರದಲ್ಲಿ ದಿವಾಳಿಯಾದಾಗ, ಸಾಲ ತೀರಿಸಲಿಕ್ಕೆ ಅಂತಲೇ 1895ರಲ್ಲಿ ಜಗತ್ತು ಸುತ್ತಿ ಭಾಷಣ ಮಾಡಲು ಹೊರಟರು. 1896ರಲ್ಲಿ ಮುಂಬೈಗೂ ಬಂದಿದ್ದರು. ಮಾತಾಡಿ, ಅದನ್ನು ಪುಸ್ತಕ ಮಾಡಿ, ಸಾಲ ತೀರಿಸಿದರು. ಅಷ್ಟು ದೂರ ಯಾಕ, ನಮ್ಮ ಬಾಜೂಕ ಬರ್ರಿ. ಮರಾಠಿಯ ಪು.ಲ. ದೇಶಪಾಂಡೆ ಒಬ್ಬರೇ ವೇದಿಕೆ ಮೇಲೆ ನಿಂತು ‘ಬಟಾಟ್ಯಾಚಿ ಚಾಳ’ದ ಮಂದಿಯನ್ನೆಲ್ಲ ಆಡಿ ತೋರಿಸುತ್ತಿದ್ದರು. ಅವರು ಬೆಳಗಾವಿಯಲ್ಲಿ ಕಾಲೇಜು ಮಾಸ್ತರಿಕೆ ಮಾಡಿದವರು. ಅಲ್ಲಿ ಕಂಡ ಒಬ್ಬರ ಮೇಲೆ ಬರೆದ ‘ರಾವಸಾಹೇಬ’ ವ್ಯಕ್ತಿಚಿತ್ರದಲ್ಲಿ ಕನ್ನಡ ಬೆರೆತ ಮರಾಠಿ ಹರಿಯುತ್ತದೆ. ಮುಂಬೈ ಪ್ರಾಂತ್ಯದ ಕಾಲದಾಗ ಮರಾಠಿ ಕಲಿತ ನಮ್ಮ ಊರಿನ ಹಿರಿಯರು ಅದನ್ನ ಕೇಳಿ ಬಿದ್ದು ಬಿದ್ದು ನಗ್ತಿದ್ರು. ಕಾರಣ ಸರಳ. ಅದು ಅರ್ಧ ನಮ್ಮದೇ ಮಾತು.

ಇನ್ನು ಕೇಳುವ ಅಭ್ಯಾಸ. ನಮ್ಮ ಸೀಮೆಗೆ ಅದು ಮೊದಲಿಂದ ಇದೆ. ಹರದೇಸಿ-ನಾಗೇಸಿ ಹಾಡಿನ ಎರಡು ಮೇಳಗಳು ರಾತ್ರಿಯಿಡೀ ಒಬ್ಬರನ್ನೊಬ್ಬರು ಪ್ರಶ್ನೆ ಹಾಕಿ ಕೆಣಕುತ್ತಾ ಬೆಳಗು ಮಾಡುತ್ತಿದ್ದವು. ಹಲಸಂಗಿ ಖಾಜಾಭಾಯಿಯ ಲಾವಣಿಗಳು ಈ ಜಿಲ್ಲೆಯ ನಾಲಿಗೆಯ ಮೇಲಿದ್ದವು. ಬಬಲೇಶ್ವರ ನಮ್ಮ ಅವ್ವನ ತವರು. ಅಲ್ಲಿ ನಮ್ಮ ಅಜ್ಜ ಶ್ರೀಕೃಷ್ಣ ಪಾರಿಜಾತ ನೋಡಾಕ ಬುತ್ತಿ ಕಟ್ಕೊಂಡು ಹತ್ತು ಮೈಲು ನಡಕೊಂಡು ಹೋದದ್ದನ್ನ ಹೇಳ್ತಿದ್ರು. ಪಾರಿಜಾತದ ಭಾಗವತ ನಡುನಡುವೆ ಕತೆ ನಿಲ್ಲಿಸಿ ಪಾತ್ರಧಾರಿಗಳನ್ನೇ ಕಿಚಾಯಿಸುತ್ತಿದ್ದ. ಅಜ್ಜನಿಗೆ ಕೃಷ್ಣ-ಸತ್ಯಭಾಮೆಯರ ಮಾತು ಅಷ್ಟು ನೆನಪಿರಲಿಲ್ಲ. ಭಾಗವತನ ಕಿಚಾಯಿಕೆ ಮಾತ್ರ ಒಂದೊಂದೂ ನೆನಪಿತ್ತು. ಮುಂದೆ 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಅಲ್ಲಿ ಎನ್ಕೆ ಕುಲಕರ್ಣಿಯವರಂಥ ವಿನೋದ ಬರಹಗಾರರು ಇದ್ದರು. ನಮ್ಮ ಮಾತೇ ಪೆಟ್ಟಿಗೆಯೊಳಗಿಂದ ಬರತೊಡಗಿತು.

ಇನ್ನೊಬ್ಬ ದೊಡ್ಡ ಮಾತುಗಾರರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಸಿದ್ಧೇಶ್ವರ ಸ್ವಾಮೀಜಿ. ಅವರು ಹಾಸ್ಯಗಾರರಲ್ಲ. ಆದರೆ ಮುಂಜಾನೆಯ ಚಳಿಯಲ್ಲಿ ಸಾವಿರಾರು ಮಂದಿಯನ್ನು ಪಿಟ್ಟೆನ್ನದೆ ಕೂರಿಸಿ, ದನಿ ಏರಿಸದೆ, ಸಣ್ಣ ಸಣ್ಣ ಕತೆ ಹೇಳುತ್ತಾ ಒಂದು ತಿಂಗಳು ನಡೆಸುತ್ತಿದ್ದರು. ನಡುವೆ ಒಂದು ತೆಳ್ಳನೆಯ ನಗೆ. ಜೇಬಿಲ್ಲದ ಅಂಗಿ ತೊಡುತ್ತಿದ್ದರು, 2018ರಲ್ಲಿ ಬಂದ ಪದ್ಮಶ್ರೀಯನ್ನು ಬೇಡವೆಂದರು, 2023ರ ಜನವರಿ 2ರಂದು ತೀರಿಕೊಳ್ಳುವ ಎಷ್ಟೋ ಮೊದಲೇ ತಮಗೆ ಸಮಾಧಿ-ಸ್ಮಾರಕ ಬೇಡ ಎಂದು ಬರೆದಿಟ್ಟಿದ್ದರು. ಅವರ ಮಾತಿನಲ್ಲಿ ‘ನಾನು’ ಹುಡುಕಿದರೂ ಸಿಗುತ್ತಿರಲಿಲ್ಲ. ಬೀಚಿ ಆ ‘ನಾನು’ವನ್ನು ಮುಂದೆ ತಂದು ಅದರ ಅಂಗಿ ಬಿಚ್ಚಿ ನಗುತ್ತಾರೆ. ದಾರಿ ಬ್ಯಾರೆ ಬ್ಯಾರೆ, ಆದ್ರ ಇಬ್ಬರ ಮಾತಿಗೂ ಕುಂತ ಕಿವಿ ಒಂದೇ.

ಬೀಚಿ 1980ರ ಡಿಸೆಂಬರ್ 7ರಂದು ತೀರಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ಹಾಸ್ಯ ಬರಹಕ್ಕೆ ಆಯಸ್ಸು ಕಡಿಮೆ. ಕಾಲ ಬದಲಾದ ಕೂಡಲೇ ಹಳಸುತ್ತದೆ.

ಮುಗಿಯದಂತೆ ನೋಡಿಕೊಂಡವರು ಗಂಗಾವತಿಯವರು. ಆ ನಕಾಶೆ ನೆನಪದಲ್ರೀ? ಮದ್ರಾಸ್ ಸೀಮೆಯ ಲೇಖಕನನ್ನು ಹಳೆಯ ನಿಜಾಮ ಸೀಮೆಯ ಒಬ್ಬ ಹುಡುಗ ಓದಿದ, ಮುಂಬೈ ಸೀಮೆಯ ನಮಗೆ ಬಂದು ಹೇಳಿದ. ಗಂಗಾವತಿ ಪ್ರಾಣೇಶ್ ಅವರು ವೇದಿಕೆ ಹತ್ತಿದಾಗ ‘ಹಾಸ್ಯ ಸಂಜೆ’ ಅನ್ನೋದು ಇವತ್ತಿನಂತೆ ಊರೂರಿನ ವಾರ್ಷಿಕ ಪದ್ಧತಿ ಆಗಿರಲಿಲ್ಲ. ಸಂಗೀತ ಇಲ್ಲ, ವೇಷ ಇಲ್ಲ, ಪರದೆ ಇಲ್ಲ. ಒಂದು ಮೈಕು, ಒಬ್ಬ ಮನುಷ್ಯ. ತನ್ನ ಊರು, ತನ್ನ ಬಡತನ, ತನ್ನ ಮಾಸ್ತರು, ತಾನು ಮೊದಲ ಸಲ ಬೆಂಗಳೂರಿಗೆ ಬಂದದ್ದು. ಜೊತೆಗೆ ಬೀಚಿ. ಅದೂ ಹೆಸರು ಹೇಳಿ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವರು ಆ ಜೋಕುಗಳನ್ನು ತಮ್ಮವೇ ಅಂತ ಹೇಳಿಕೊಂಡಿದ್ದರೆ ಮುಂದೆ ಕೂತವರಲ್ಲಿ ಎಷ್ಟು ಮಂದಿಗೆ ಗೊತ್ತಾಗುತ್ತಿತ್ತು? ಹೇಳಲಿಲ್ಲ. ಪ್ರತಿ ಊರಿನಲ್ಲಿ ಬೀಚಿ, ಬೀಚಿ ಅಂದರು. ಜನ ಅವರನ್ನೇ ‘ಅಭಿನವ ಬೀಚಿ’ ಅಂತ ಕರೆದರು. ಹಾರಿ ಹೋಗುವಾಗ ಉದುರಿದ ಹೆಸರನ್ನು ಎತ್ತಿ ತಂದು ಜೋಡಿಸಿದ ಕೆಲಸ ಅದು.

ಆಮೇಲೆ ನರಸಿಂಹ ಜೋಶಿ, ಬಸವರಾಜ ಮಹಾಮನಿ ಮುಂತಾದವರು ಸೇರಿದರು. ಕ್ಯಾಸೆಟ್ ಬಂದವು, ಸೀಡಿ ಬಂದವು. ಬಸ್‌ಸ್ಟ್ಯಾಂಡ್ ಮುಂದಿನ ಅಂಗಡ್ಯಾಗ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಬಾಜೂಕ ಹಾಸ್ಯದ ಕ್ಯಾಸೆಟ್ ಇಡ್ತಿದ್ರು. ಬಬಲೇಶ್ವರದಾಗ ನಮ್ಮ ಮಾಮಾ ಟ್ರ್ಯಾಕ್ಟರಿನ ಟೇಪಿನ್ಯಾಗ ಅದನ್ನೇ ಹಚ್ಚಿ ರಂಟೆ ಹೊಡೀತಿದ್ರು. ಒಂದೇ ಕ್ಯಾಸೆಟ್ಟು, ದಿನಾ ಅದೇ ಮಾತು, ಅದೇ ಜಾಗಕ್ಕ ನಗು. ಹೊಲದ ಬದುವಿನ್ಯಾಗ ನಿಂತವರಿಗೆ ಟ್ರ್ಯಾಕ್ಟರ್ ಸದ್ದಿನ್ಯಾಗ ಮಾತು ಕೇಳಿಸ್ತಿರಲಿಲ್ಲ, ಮಾಮಾನ ನಗು ಅಷ್ಟೇ ಕೇಳಿಸ್ತಿತ್ತು. ನಗರದಲ್ಲಿ ದರ್ಬಾರ್ ಹೈಸ್ಕೂಲ್ ಮೈದಾನ, ಕಂದಗಲ್ ಹನುಮಂತರಾಯ ರಂಗಮಂದಿರ, ಕಾಲೇಜುಗಳ ಅಂಗಳ. ಹಾಸ್ಯ ಅಂದ್ರ ಸಾಕು, ಎಲ್ಲಿಟ್ಟರೂ ಮಂದಿ ತುಂಬುತ್ತಿದ್ದರು.

ಇಲ್ಲಿ ನಮಗೆ ಆದ ಲಾಭ ಏನು ಅಂತ ಸ್ಪಷ್ಟ ಹೇಳಬೇಕು. ನಮ್ಮ ಉತ್ತರ ಕರ್ನಾಟಕದ ಮಾತು ಕನ್ನಡ ಸಿನಿಮಾದಾಗ ಬಹಳ ಕಾಲ ಎರಡೇ ಕಡೆ ಬರ್ತಿತ್ತು. ರೌಡಿ ಬಾಯಾಗ, ಇಲ್ಲಾ ದಡ್ಡ ಆ಼ಳಿನ ಬಾಯಾಗ. “ಏನ್ರೀ”, “ಹೌದ್ರೀ” ಅಂದ್ರೇ ಜೋಕು. ಮಾತಿನ ಅರ್ಥಕ್ಕೆ ಯಾರೂ ನಗುತ್ತಿರಲಿಲ್ಲ, ಮಾತಿನ ದನಿಗೆ ನಗುತ್ತಿದ್ದರು. ಹಾಸ್ಯ ಸಂಜೆಯ ವೇದಿಕೆ ಇದನ್ನು ತಿರುಗಿಸಿತು. ಅದೇ ಭಾಷೆಯಲ್ಲಿ ಒಬ್ಬ ಮನುಷ್ಯ ನಿಂತು ಬೆಂಗಳೂರನ್ನು, ಅಮೆರಿಕಾವನ್ನು, ಟೀವಿ ಸೀರಿಯಲ್ಲುಗಳನ್ನು, ಇಂಗ್ಲಿಷ್ ಮೀಡಿಯಂ ಹುಚ್ಚನ್ನು ನೋಡಿ ನಕ್ಕ. ನಗುವ ಕಣ್ಣು ನಮ್ಮದಾಯಿತು. ನೀವು ಇವತ್ತು ರೀಲ್ಸಿನ್ಯಾಗ ಧೈರ್ಯವಾಗಿ “ಹೆಂಗದೀರಿ ಮಂದಿ” ಅಂತ ಶುರು ಮಾಡ್ತೀರಲ್ಲ, ಆ ಧೈರ್ಯದಾಗ ಒಂದು ಪಾಲು ಆ ಮೈಕಿನದು.

ಆದ್ರ ಒಂದು ತಕರಾರೂ ಅದ, ಅದನ್ನ ಮುಚ್ಚಿಡಬಾರದು. ವೇದಿಕೆ ದೊಡ್ಡದಾದಂತೆ ಹಾಸ್ಯ ಸಣ್ಣದಾಯಿತು. ಇವತ್ತು ಅನೇಕ ಹಾಸ್ಯ ಭಾಷಣಗಳಲ್ಲಿ ಅರ್ಧ ಗಂಟೆ ಹೆಂಡತಿಯ ಮೇಲೆ, ಹತ್ತು ನಿಮಿಷ ಅತ್ತೆ-ಸೊಸೆಯ ಮೇಲೆ, ಉಳಿದದ್ದು ಕಪ್ಪು ಮೈಬಣ್ಣ, ದಪ್ಪ ದೇಹದ ಮೇಲೆ. ಮುಂದಿನ ಸಾಲಿನಾಗ ಕುಂತ ಹೆಣ್ಣುಮಕ್ಕಳೂ ನಗ್ತಾರಲ್ಲ ಅಂತ ವಾದ ಮಾಡ್ತಾರ. ನಗದೆ ಏನ್ ಮಾಡ್ತಾರ್ರೀ, ಊರೆಲ್ಲಾ ನೋಡಾಕತ್ತಿರ್ತದ. ಬೀಚಿಯ ಬರಹದಲ್ಲೂ ಈ ದೋಷ ಇದೆ, ಅವರ ಕಾಲದ ಗಂಡಸಿನ ಕಣ್ಣು ಅಲ್ಲಲ್ಲಿ ಇಣುಕುತ್ತದೆ. ಅದನ್ನು ಕಾಲದ ಮೇಲೆ ಹಾಕಿ ಬಿಟ್ಟುಬಿಡಲಿಕ್ಕೆ ನನಗೆ ಮನಸ್ಸಿಲ್ಲ. ಆದರೆ ಅವರ ಮೊದಲ ಗುರಿ ಅವರೇ ಆಗಿದ್ದರು. ಆಮೇಲೆ ಅಧಿಕಾರಿ, ಪುಢಾರಿ, ಢೋಂಗಿ ಭಕ್ತ. ಇವತ್ತಿನ ವೇದಿಕೆಯ ಮೇಲೆ, ಮುಂದಿನ ಸಾಲಿನಲ್ಲಿ ಹೂಮಾಲೆ ಹಾಕಿಸಿಕೊಂಡು ಕೂತ ಪುಢಾರಿಯನ್ನು ಎಷ್ಟು ಮಂದಿ ಕೆಣಕುತ್ತಾರೆ? ಕಾರ್ಯಕ್ರಮದ ಖರ್ಚು ಕೊಟ್ಟವರು ಅವರೇ ಆಗಿರ್ತಾರ.

ಇನ್ನು ಮೊದಲು ಕೇಳಿದ ಪ್ರಶ್ನೆ. ತಿಂಮ ವೇದಿಕೆಗೆ ಬಂದ, ಕ್ಯಾಸೆಟ್ಟಿಗೆ ಬಂದ, ಈಗ 30 ಸೆಕೆಂಡಿನ ರೀಲ್ಸಿಗೂ ಬಂದಾನ. ‘ಭಯಾಗ್ರಫಿ’ ಯಾಕ ಬರಲಿಲ್ಲ? ನನ್ನ ಉತ್ತರ ಇಷ್ಟೇ. ಜೋಕಿಗೆ ಅರ್ಧ ನಿಮಿಷ ಸಾಕು. ಆದರೆ ಅನಾಥ ಹುಡುಗನೊಬ್ಬ ಬಂಧುಗಳ ಮನೆಯಲ್ಲಿ ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಕೇಳಲೋ ಬೇಡವೋ ಅಂತ ಹಿಂಜರಿಯುವುದಿದೆಯಲ್ಲ, ಅಂಥದ್ದರ ನಗು ಹುಟ್ಟಬೇಕಾದರೆ ಮೊದಲು ಆ ಮನೆ ಗೊತ್ತಾಗಬೇಕು, ಆ ಹುಡುಗ ಗೊತ್ತಾಗಬೇಕು. ಅಷ್ಟು ಹೊತ್ತು ಬೇಕು. ನಮ್ಮ ಕಾಕಾನ ಕತೆಯಿಂದ ಫೈಲಿನ ಜೋಕ್ ಅಷ್ಟೇ ಕತ್ತರಿಸಿ ರೀಲ್ಸ್ ಮಾಡಿದ್ರ ಓಡ್ತದ, ಲಕ್ಷ ವ್ಯೂಸ್ ಬಂದರೂ ಬಂದಾವು. ಆ ಒಂದು ಗುಟುಕು ಚಹಾದ ನಂತರದ್ದು ಕತ್ತರಿ ಆಚೆ ಬೀಳ್ತದ. ಪ್ರಾಣೇಶ್ ಅವರ ಹಳೆಯ ಒಂದೂವರೆ-ಎರಡು ತಾಸಿನ ಮಾತುಗಳನ್ನು ಪೂರ್ತಿ ಕೇಳಿದವರಿಗೆ ಗೊತ್ತು, ಅಲ್ಲೂ ನಡುವೆ ಒಂದೊಂದು ಕಡೆ ಸಭೆ ಗಪ್ಪಾಗುತ್ತದೆ. ಕ್ಲಿಪ್ಪುಗಳಲ್ಲಿ ಆ ಗಪ್ಪಾಗುವಿಕೆ ಇಲ್ಲ.

2013ರ ಫೆಬ್ರುವರಿಯಲ್ಲಿ ನಮ್ಮ ಊರಲ್ಲಿ 79ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಬಳ್ಳಾರಿ ಸೀಮೆಯವರೇ ಆದ ಕೋ. ಚೆನ್ನಬಸಪ್ಪ. ಅದು ಬೀಚಿ ಹುಟ್ಟಿ ನೂರು ತುಂಬುವ ವರ್ಷವೂ ಆಗಿತ್ತು. ಅವತ್ತು ಸಮ್ಮೇಳನದ ಪುಸ್ತಕ ಮಳಿಗೆಗಳಲ್ಲಿ ಪುಸ್ತಕ ಕೊಂಡವರು ನಮ್ಮ ಕೇಳುಗರ ಮನೆಗಳಲ್ಲಿ ಇದ್ದೇ ಇರ್ತಾರ. ಅಪ್ಪನ ಕಪಾಟು, ಅಜ್ಜನ ಟ್ರಂಕು ಒಂದು ಸಲ ತೆಗೆದು ನೋಡ್ರಿ.

ಏನು ಸಿಕ್ಕೀತು ಅಂದ್ರ, ‘ನನ್ನ ಭಯಾಗ್ರಫಿ’ಯ ಹಳೆ ಪ್ರತಿ, ‘ಸುಧಾ’ದಿಂದ ಹರಿದಿಟ್ಟ ಪುಟ, ಇಲ್ಲಾ ಸುತ್ತು ಬಿಚ್ಚಿದ ಹಾಸ್ಯದ ಕ್ಯಾಸೆಟ್ಟು. ಕ್ಯಾಸೆಟ್ ಸಿಕ್ಕರ ದಯವಿಟ್ಟು ಎಸೀಬ್ಯಾಡ್ರಿ. ಪೆನ್ಸಿಲ್ ಹಾಕಿ ಟೇಪ್ ಮೆಲ್ಲಗ ಸುತ್ತಿ ಇಡ್ರಿ. ಪುಸ್ತಕ ಸಿಕ್ಕರ ಅದರಾಗ ನಿಮಗ ಹಿಡಿಸಿದ ಒಂದು ಪುಟ ಮನಿಯವರ ಮುಂದೆ ಜೋರಾಗಿ ಓದ್ರಿ, ಯಾರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು ಅಂತ ನಮಗ ಒಂದು ವಾಯ್ಸ್ ನೋಟ್ ಕಳಿಸ್ರಿ. ತಿಕೋಟಾದಿಂದ ನಮ್ಮ ಕಾಕಾ ಆಗಲೇ ಕಳಿಸ್ಯಾರ. ಹನ್ನೊಂದು ನಿಮಿಷದ್ದು ಅದ, ಅದರಾಗ ಒಂಬತ್ತು ನಿಮಿಷ ಕಾಕಾಂದೇ ಕತಿ. ಬರ್ತೀನ್ರೀ.